ಆರು ಇಂಚಿನ ಒಳಗೆ

ಸತ್ತರೆಂದುಕೊಂಡು ಅವಳು ಐವರನ್ನೂ ಎತ್ತಿ ಡಬ್ಬಿಯೊಳಗೆ ಮಲಗಿಸಿಬಿಟ್ಟಿದ್ದಳು.

"ಅವರನ್ನ್ಯಾಕೆ ತೆಗೆದ್ರಿ?" ಎಂದ ಮೇಜಿನ ಆಚೆ ಬದಿಗೆ ನಿಂತವನು.

"ಗುಂಡು ಬಿತ್ತಲ್ಲ. ನೀವೇ ತಾನೆ ದಾಳ ಹಾಕಿದ್ದು?"

"ಹಾಕಿದೆ. ಆದ್ರೆ ಯಾರಿಗೂ ತಾಗಲಿಲ್ಲ. ಅವರು ಸತ್ತಿಲ್ಲ ಮೇಡಂ, ಬರೀ ತಲೆ ತಗ್ಗಿಸಿದಾರೆ. ವಾಪಸ್ ಇಡಿ, ಪಾಪ."

ಆ 'ಪಾಪ' ಕೇಳಿ ಅವಳಿಗೆ ನಗು ಬಂತು. ಹೆಬ್ಬೆರಳಿನ ಗೆಣ್ಣಿನಷ್ಟೂ ಎತ್ತರವಿಲ್ಲದ ಪ್ಲಾಸ್ಟಿಕ್ ಸೈನಿಕರು. ಅವಳು ಒಬ್ಬೊಬ್ಬರನ್ನೇ ಡಬ್ಬಿಯಿಂದ ತೆಗೆದು ಮತ್ತೆ ಪೊದೆಯ ಹಿಂದೆ ನಿಲ್ಲಿಸಿದಳು. ಪೊದೆಯೆಂದರೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಚೂರು. ಗುಡ್ಡವೆಂದರೆ ಥರ್ಮೊಕೋಲ್. ಇಡೀ ಯುದ್ಧಭೂಮಿಯೆಂದರೆ ನೆಟ್ ಬಿಚ್ಚಿಟ್ಟ ಟೇಬಲ್ ಟೆನಿಸ್ ಮೇಜು, ಅದರ ಮೇಲೊಂದು ಹಳೆಯ ಬೆಡ್‌ಶೀಟು.

ಅವನು ಜೇಬಿನಿಂದ ಗುಲಾಬಿ ಬಣ್ಣದ ಮೇಣದ ತುಂಡು ತೆಗೆದು, ಚಿವುಟಿ, ಎರಡು ಪುಟ್ಟ ಉಂಡೆ ಮಾಡಿ ಆ ಐವರ ಪಕ್ಕದಲ್ಲಿಟ್ಟ.

"ಇದೇನು?" ಎಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮಾವ ಬಗ್ಗಿ ನೋಡಿದರು.

"ಹಲ್ಲಿನ ಸೆಟ್ ಮಾಡೋ ಮೇಣ ಮೇಷ್ಟ್ರೇ. ನಾನು ಡೆಂಟಲ್ ಲ್ಯಾಬಲ್ಲಿ ಕೆಲಸ ಮಾಡೋದು. ಇಲ್ಲಿ ಎಲ್ಲರೂ ನನ್ನ ಹಲ್ಲು ಡಾಕ್ಟ್ರು ಅಂತಾರೆ. ನಾನು ಡಾಕ್ಟ್ರಲ್ಲ, ಹಲ್ಲು ಮಾಡೋನು."

ಅದು ಆಟಿಕೆ ಅಂಗಡಿಯ ಮಹಡಿ. ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಹೊಸಬರಿಗೆ ಈ ಆಟ ಕಲಿಸುತ್ತಿದ್ದರು. ಅವಳಿಗೆ ಕಲಿಯುವ ಆಸೆಯೇನೂ ಇರಲಿಲ್ಲ. ಸೈನಿಕರ ಡಬ್ಬಿ ಅವಳ ಗಂಡನದ್ದು. ನಾಲ್ಕು ವರ್ಷದ ಹಿಂದೆ ಮೂರೇ ದಿನದ ಜ್ವರದಲ್ಲಿ ಅವನು ಹೋಗಿಬಿಟ್ಟಿದ್ದ. ಬೆಳಗಿನ ಹೊತ್ತು ಹಿಂಬದಿಯ ಬಾಲ್ಕನಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಒಂದು ಕೂದಲಿನ ಬ್ರಶ್ಶಿನಿಂದ ಇವರಿಗೆಲ್ಲ ಬಣ್ಣ ಬಳಿದವನು ಅವನು. ಆಡಲು ಜೊತೆ ಸಿಕ್ಕಿರಲಿಲ್ಲ. ಮೊನ್ನೆ ಅಟ್ಟ ಗುಡಿಸುವಾಗ ಡಬ್ಬಿ ಕೈಗೆ ಬಂದಾಗ ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ, "ನನ್ನ ಮಗ ಇದರಲ್ಲಿ ಏನು ನೋಡ್ದ ಅಂತ ಗೊತ್ತಾಗಬೇಕು ಕಣಮ್ಮ" ಎಂದಿದ್ದರು.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದರದು ಬಾಕಿ. ದಾಳದ ಚುಕ್ಕಿ ಕಾಣಿಸುತ್ತಿರಲಿಲ್ಲ. ಓದಿ ಹೇಳಲು ಸೊಸೆ ಬೇಕಿತ್ತು.

"ಸರಿಯಾಗಿ ಹೇಳಿ ಡಾಕ್ಟ್ರೇ, ಒಂದ್ಸಲ," ಎಂದಳು ಅವಳು. "ಮೊದಲಿಂದ."

"ಒಂದು ತುಕಡಿಯಲ್ಲಿ ಐದು ಜನ. ಅವರ ಮೇಲೆ ಗುಂಡು ಹಾರಿಸಿದಾಗ ದಾಳ ಹಾಕ್ತೀವಿ. ಆರು ಬಿದ್ರೆ ಒಬ್ಬ ಹೋದ. ನಾಲ್ಕೋ ಐದೋ ಬಿದ್ರೆ ಯಾರಿಗೂ ಏನೂ ಆಗಲ್ಲ, ಆದ್ರೆ ಪಕ್ಕದಲ್ಲೊಂದು ಗುರುತು. ಕಿವಿ ಹತ್ರಾನೇ ಸುಂಯ್ ಅಂತ ಹೋಯ್ತು ಅಂದ್ಕೊಳ್ಳಿ. ನಿಮ್ಮ ಸರದಿ ಬಂದಾಗ ನೀವೊಂದು ದಾಳ ಹಾಕ್ತೀರಿ. ಗುರುತು ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಬಿದ್ರೆ ಎದ್ದು ನಿಲ್ತಾರೆ. ಇಲ್ಲ ಅಂದ್ರೆ ನಡೆಯೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ಬಿದ್ಕೊಂಡಿರಬೇಕು, ಅಷ್ಟೇ. ಇದಕ್ಕೆ ಸಪ್ರೆಶನ್ ಅಂತಾರೆ."

"ಗುರುತು ಆರು ಆಗ್ಬಿಟ್ರೆ? ದಾಳದಲ್ಲಿ ಆರಕ್ಕಿಂತ ಜಾಸ್ತಿ ಇಲ್ವಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಹೊಸಬರು ಯಾರೂ ಮೊದಲ ದಿನ ಈ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವನ ಮುಖದಲ್ಲೇ ಬರೆದಿತ್ತು.

"ಅದಕ್ಕೇ ಆಫೀಸರ್ ಇರೋದು. ಅವನು ಆರು ಇಂಚಿನ ಒಳಗೆ ಬಂದು ನಿಂತ್ರೆ ನಿಮ್ಮ ದಾಳಕ್ಕೆ ಎರಡು ಸೇರುತ್ತೆ. ಏನೂ ಮಾಡ್ಬೇಕಾಗಿಲ್ಲ ಅವನು. ಹತ್ರ ಇದ್ರೆ ಸಾಕು."

"ಓಡಿ ಹೋಗೋದು ಯಾವಾಗ?" ಎಂದರು ಮಾವ.

"ಅದು ಬೇರೆ ಮೇಷ್ಟ್ರೇ. ಅರ್ಧಕ್ಕಿಂತ ಹೆಚ್ಚು ಜನ ಹೋದ್ರೆ ಧೈರ್ಯದ ಪರೀಕ್ಷೆ. ಫೇಲಾದ್ರೆ ಬೆನ್ನು ತಿರುಗಿಸ್ತಾರೆ. ಮೇಜಿನ ಅಂಚು ದಾಟಿದ್ರೆ ಮುಗೀತು, ವಾಪಸ್ ಬರಲ್ಲ."

"ನಮ್ಮ ಸ್ಕೂಲಲ್ಲಿ ಫೇಲಾದೋರು ಮುಂದಿನ ವರ್ಷ ಅದೇ ಕ್ಲಾಸಿಗೆ ಬರ್ತಿದ್ರಪ್ಪ."

"ಡ್ರಿಲ್ಲಲ್ಲೂ ಫೇಲ್ ಮಾಡ್ತಿದ್ರಾ?"

"ಎಡಗಾಲು ಯಾವುದು ಬಲಗಾಲು ಯಾವುದು ಗೊತ್ತಿಲ್ದೋರನ್ನ ಇನ್ನೇನು ಮಾಡ್ಲಿ?"

ಮೂವರೂ ನಕ್ಕರು. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಅದನ್ನು ಗಮನಿಸಿದ್ದನ್ನೂ ಅವಳು ಗಮನಿಸಿದಳು.

ಅಂದು ಅವನ ಸ್ಟೀಲ್ ಟೇಪು ಸಿಕ್ಕಿಹಾಕಿಕೊಂಡು ಹೊರಗೆ ಬರಲೊಲ್ಲದಾಯಿತು. ಅವಳು ಚೀಲದಿಂದ ಬಟ್ಟೆ ಅಳೆಯುವ ಟೇಪು ತೆಗೆದುಕೊಟ್ಟಳು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಜಿಪ್ ಹಾಕುವ ಆಲ್ಟರೇಷನ್ ಅಂಗಡಿಯಲ್ಲಿ ಅವಳ ಕೆಲಸ. ಅವತ್ತಿನಿಂದ ಮಹಡಿಯ ಮೇಲೆ ಅವಳ ಹೆಸರು ಟೇಪ್ ಮೇಡಂ ಎಂದಾಯಿತು.

ಮೆದು ಟೇಪನ್ನು ಒಬ್ಬರೇ ಹಿಡಿದು ಅಳೆಯಲಾಗುವುದಿಲ್ಲ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಹನ್ನೆರಡು ಇಂಚು. ಒಂಬತ್ತು ಇಂಚು. ಯುದ್ಧ ಹತ್ತಿರವಾದಂತೆ ಬೆರಳುಗಳೂ ಹತ್ತಿರವಾಗುತ್ತಿದ್ದವು.

"ಟೇಪು ಬಿಗಿಯಾಗಿ ಹಿಡೀರಿ ಡಾಕ್ಟ್ರೇ. ಜೋಲಾಡ್ತಿದೆ."

"ಬಿಗಿ ಹಿಡಿದ್ರೆ ದೂರ ಜಾಸ್ತಿ ಆಗುತ್ತೆ."

"ದೂರ ಎಷ್ಟಿದೆಯೋ ಅಷ್ಟೇ ಇರುತ್ತೆ. ಮೂವತ್ತು ಇಂಚಿನ ಸೊಂಟ ಎಳೆದು ಹಿಡಿದ್ರೆ ಇಪ್ಪತ್ತೆಂಟಾಗುತ್ತಾ?"

"ಜೋಲುಬಿಟ್ಟು ಅಳೆದ್ರೆ ಇನ್ನೂ ಸ್ವಲ್ಪ ಹೊತ್ತು ಹಿಡ್ಕೋಬಹುದಲ್ಲ," ಎಂದು ಅವನು ಸೈನಿಕರನ್ನು ನೋಡುತ್ತ ಹೇಳಿದ. ಅವಳ ಕಿವಿ ಬೆಚ್ಚಗಾಯಿತು. ಮಾವ ದಾಳ ಕುಲುಕುತ್ತಿದ್ದರು.

ಮೂರನೆಯ ಭಾನುವಾರ ಅವಳು ಅಂಗಡಿಯಲ್ಲಿ ಉಳಿದ ಕಪ್ಪು ಶರ್ಟ್ ಬಟನ್ನುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ತಂದಳು. ಮೇಣ ಬೆಡ್‌ಶೀಟಿಗೆ ಅಂಟುತ್ತಿತ್ತು, ಒಗೆಯುವವರು ಯಾರು? ಬಟನ್ನು ಒಳ್ಳೆಯದು. ಅವನು ಒಂದೊಂದೇ ಬಟನ್ನನ್ನು ಬೆಳಕಿಗೆ ಹಿಡಿದು ನೋಡಿದ, ಮುತ್ತು ನೋಡುವವನಂತೆ.

"ಎಷ್ಟು ಜನಕ್ಕೆ ಹಲ್ಲಿನ ಸೆಟ್ ಮಾಡಿಕೊಟ್ರೂ ನಂಗೆ ಯಾರೂ ಇಷ್ಟು ಚಂದದ್ದು ಏನೂ ಕೊಟ್ಟಿಲ್ಲ."

"ಕಿತ್ತುಹೋದ ಶರ್ಟಿನವು ಅವು."

"ಇರಲಿ. ನೀವು ನಗುವಾಗ ಯಾಕೆ ಕೈ ಅಡ್ಡ ಇಡ್ತೀರಿ?"

ಅವಳು ತಬ್ಬಿಬ್ಬಾದಳು. "ಮುಂದಿನ ಹಲ್ಲು ವಕ್ರ ಇದೆ."

"ವಕ್ರ ಅಲ್ಲ. ಪಕ್ಕದವನ ಮೇಲೆ ಸ್ವಲ್ಪ ಒರಗಿದೆ, ಅಷ್ಟೇ. ದಿನಕ್ಕೆ ನಲವತ್ತು ಹಲ್ಲು ನೇರ ಮಾಡ್ತೀನಿ ನಾನು, ಬೇಜಾರು ಬಂದಿದೆ. ಅದನ್ನ ಮಾತ್ರ ಯಾರ ಹತ್ರಾನೂ ಸರಿ ಮಾಡಿಸ್ಬೇಡಿ."

ಅಂದು ಮನೆಗೆ ಹೋಗಿ ಅವಳು ಮುಖ ತೊಳೆಯುವಾಗ ಕನ್ನಡಿಯಲ್ಲಿ ಆ ಹಲ್ಲನ್ನು ನೋಡಿಕೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಅದರ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

ಮಾವ ಮಾತ್ರ ಪ್ರತಿ ಭಾನುವಾರವೂ ಸೋಲುತ್ತಿದ್ದರು. ಕಾರಣ ಅವಳಿಗೂ ಗೊತ್ತಿತ್ತು, ಕಲಿಸುವವನಿಗೂ ಗೊತ್ತಿತ್ತು. ಡಬ್ಬಿಯಲ್ಲಿದ್ದ ಆಫೀಸರನಿಗೆ ಅವಳ ಗಂಡ ಬಹಳ ಪ್ರೀತಿಯಿಂದ ಬಣ್ಣ ಬಳಿದಿದ್ದ. ಕೊರಳಿಗೆ ಸಾಸಿವೆಯಷ್ಟಗಲದ ಕೆಂಪು ಕರವಸ್ತ್ರ, ಕೋಟಿಗೆ ಐದು ಗುಂಡಿ, ಮೀಸೆಯ ತುದಿ ಸಹ ತಿರುವಿತ್ತು. ಮಾವ ಆಟ ಶುರುವಾದ ಕೂಡಲೇ ಅವನನ್ನು ಥರ್ಮೊಕೋಲ್ ಗುಡ್ಡದ ಹಿಂದೆ, ಮೇಜಿನ ತೀರಾ ಮೂಲೆಯಲ್ಲಿ, ಯಾವ ಗುಂಡೂ ತಲುಪದ ಕಡೆ ನಿಲ್ಲಿಸುತ್ತಿದ್ದರು. ಮುಂದೆ ತುಕಡಿಗಳ ಪಕ್ಕ ಬಟನ್ನುಗಳು ಬೆಳೆಯುತ್ತ ಹೋಗುತ್ತಿದ್ದವು. ಯಾರೂ ಏಳುತ್ತಿರಲಿಲ್ಲ. ಬಿದ್ದಲ್ಲೇ ಬಿದ್ದು ಐದು ಗಂಟೆಯಾಗುತ್ತಿತ್ತು.

"ಆಫೀಸರನ್ನ ಮುಂದೆ ತನ್ನಿ ಅಂತ ಯಾಕೆ ಹೇಳಲ್ಲ ನೀವು?" ಎಂದು ಅವಳು ಒಮ್ಮೆ ಮೆಲ್ಲಗೆ ಕೇಳಿದಳು.

"ರೂಲ್ಸ್ ಗೊತ್ತು ಅವರಿಗೆ. ಆ ಬೊಂಬೆಗೆ ಯಾರು ಬಣ್ಣ ಹಚ್ಚಿದ್ದು ಅಂತ ನಂಗೂ ಗೊತ್ತು. ಸೋತ್ರೆ ಸೋಲಲಿ ಬಿಡಿ."

ಅವನನ್ನು ಅವಳು ಒಳಗೊಳಗೇ ಒಪ್ಪಿಕೊಂಡದ್ದು ಆ ಮಾತಿಗೆ.

ಆರನೆಯ ತಿಂಗಳಲ್ಲಿ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಅವಳು ಬೆಡ್‌ಶೀಟು ಮಡಿಸುತ್ತಿದ್ದಳು. ಮಾವ ಕೆಳಗೆ ಅಂಗಡಿಯವನ ಜೊತೆ ಮಾತಾಡುತ್ತ ನಿಂತಿದ್ದರು. ಅವನು ಮೂಲೆಯ ಸಿಂಕಿನಲ್ಲಿ ಬ್ರಶ್ ತೊಳೆಯುತ್ತಿದ್ದ. ತೊಳೆದ ಬ್ರಶ್ಶನ್ನೇ ಮತ್ತೆ ತೊಳೆದ. ಮೂರನೆಯ ಸಲವೂ ತೊಳೆದ.

"ಬಣ್ಣ ಹೋಗಿ ಆಯ್ತು ಡಾಕ್ಟ್ರೇ. ಇನ್ನು ಕೂದಲೇ ಹೋಗುತ್ತೆ."

ಅವನು ನಲ್ಲಿ ನಿಲ್ಲಿಸಿದ. "ನಂಗೆ ಮೂವತ್ತೊಂಬತ್ತು. ಅಕ್ಕ ಮದುವೆ ಮದುವೆ ಅಂತ ಜೀವ ತಿಂತಿದಾಳೆ. ಅವಳು ಒಂದು ಕಡೆ ನೋಡಿದಾಳೆ. ನಿಮ್ಮನ್ನ ಕೇಳದೆ ಅಲ್ಲಿಗೆ ಹೂಂ ಅನ್ನೋಕೆ ನಂಗೆ ಮನಸ್ಸಿಲ್ಲ. ನೀವು ಬರ್ತೀರಾ ನನ್ನ ಜೊತೆ? ಮೇಷ್ಟ್ರನ್ನ ಬಿಟ್ಟು ಬನ್ನಿ ಅಂತಲ್ಲ. ಹೇಗೋ ಏನೋ, ಯೋಚನೆ ಮಾಡೋಣ. ಮೊದಲು ನಿಮ್ಮ ಮನಸ್ಸು ಹೇಳಿ."

ಬೆಡ್‌ಶೀಟು ಅವಳ ಕೈಯಲ್ಲಿ ಅರ್ಧ ಮಡಿಕೆಯಾಗಿತ್ತು. ಅವಳು ಬಾಯಿ ತೆರೆದಳು.

"ಬಸ್ ಬಂತು ಕಣಮ್ಮ," ಎಂದು ಮೆಟ್ಟಿಲ ಕೆಳಗಿನಿಂದ ಮಾವನ ಧ್ವನಿ ಬಂತು, ಮೈದಾನದಲ್ಲಿ ಕೂಗುತ್ತಿದ್ದ ಅದೇ ದೊಡ್ಡ ಧ್ವನಿ. "ಬೇಗ ಬಾ, ಹೊರಟುಬಿಡುತ್ತೆ."

ಅವಳು ತಲೆ ತಗ್ಗಿಸಿದಳು. ಬೆಡ್‌ಶೀಟನ್ನು ಹಾಗೇ ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು ಇಳಿದುಬಿಟ್ಟಳು. ಸ್ಟಾಪಿನಲ್ಲಿ ಬಸ್ಸಿರಲಿಲ್ಲ. ಹೊರಟುಹೋಯಿತೇನೋ ಎಂದುಕೊಂಡಳು. ಮುಂದಿನ ಬಸ್ಸು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮಾವ ರಸ್ತೆಯ ಕಡೆಗೇ ಮುಖ ಮಾಡಿ ನಿಂತಿದ್ದರು.

ಮುಂದಿನ ಭಾನುವಾರ ಹೇಳಬೇಕೆಂದುಕೊಂಡಳು. ಆಗಲಿಲ್ಲ. ಅದರ ಮುಂದಿನ ಭಾನುವಾರವೂ ಆಗಲಿಲ್ಲ.

ಯಾರೂ ಅವಳನ್ನು ಬೇಡವೆಂದಿರಲಿಲ್ಲ. ಯಾರಾದರೂ ಬೈದಿದ್ದರೆ ಎದುರು ಮಾತಾಡುವಷ್ಟು ಬಾಯಿ ಅವಳಿಗಿತ್ತು. ಆದರೆ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ, "ಮೇಷ್ಟ್ರಿಗೆ ಈಗ ಮಗನೂ ನೀನೇ, ಮಗಳೂ ನೀನೇ" ಎನ್ನುತ್ತಿದ್ದಳು. ದೂರದಲ್ಲಿದ್ದ ನಾದಿನಿ ಬುಧವಾರ ಬುಧವಾರ ಫೋನ್ ಮಾಡಿ, "ಅತ್ತಿಗೆ, ನೀವಿದೀರಿ ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ" ಎನ್ನುತ್ತಿದ್ದಳು. ಅಂಗಡಿಯ ಒಡತಿ ಗಿರಾಕಿಗಳ ಮುಂದೆ, "ಇವಳಂಥ ಸೊಸೆ ಈ ಕಾಲದಲ್ಲಿ ಎಲ್ಲಿ ಸಿಗ್ತಾಳೆ" ಎಂದು ಹೊಗಳುತ್ತಿದ್ದಳು. ಕಣ್ಣಿನ ಡ್ರಾಪ್ಸ್ ಹಾಕಿಸಿಕೊಳ್ಳಲು ಮಾವ ದಿನಕ್ಕೆ ಮೂರು ಸಲ ಮುಖ ಮೇಲೆತ್ತಿ, ಮಗುವಿನಂತೆ ಬಾಯಿ ಸ್ವಲ್ಪ ತೆರೆದು ಕೂರುತ್ತಿದ್ದರು. ಎಲ್ಲವೂ ಪ್ರೀತಿಯ ಮಾತುಗಳೇ, ಪ್ರೀತಿಯ ಮುಖಗಳೇ. ಒಂದೂ ಅವಳಿಗೆ ತಾಗಿ ಗಾಯ ಮಾಡಲಿಲ್ಲ. ಆದರೂ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ.

ಅವನು ಎರಡನೆಯ ಸಲ ಕೇಳಲಿಲ್ಲ. ಎಂದಿನಂತೆ ಕಲಿಸಿದ, ಎಂದಿನಂತೆ ಮೇಷ್ಟ್ರ ಜೊತೆ ಜೋಕು ಮಾಡಿದ. ಟೇಪಿನ ತನ್ನ ತುದಿಯನ್ನು ಮಾತ್ರ ಬಿಗಿಯಾಗಿ ಹಿಡಿಯತೊಡಗಿದ. ಅಳೆದ ಕೂಡಲೇ ಬಿಟ್ಟುಬಿಡುತ್ತಿದ್ದ.

ಅವನು ಕೇಳಿದ ಮೇಲಿನ ಏಳನೆಯ ಭಾನುವಾರ ಅವನು ಬರಲೇ ಇಲ್ಲ. ಅಂಗಡಿಯವನು, "ಊರಿಗೆ ಹೋಗಿದಾನಂತೆ, ಅಕ್ಕನ ಮನೆಗೆ" ಎಂದ. ಮಾವ ಡಬ್ಬಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ವಾಪಸ್ ಬಂದರು.

ಗುರುವಾರ ಅವಳಿಗೆ ವಾರದ ರಜೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮಾವ ಊಟದ ಮೇಜಿನ ಮೇಲೆ ಸೈನಿಕರನ್ನು ಜೋಡಿಸಿದ್ದರು. ಉಪ್ಪಿನ ಡಬ್ಬಿ ಗುಡ್ಡವಾಗಿತ್ತು. ಅದರ ಹಿಂದೆ, ಗೋಡೆಯ ಕಡೆ, ಆಫೀಸರ್.

"ಭಾನುವಾರದ್ದು ಬಾಕಿ ಇದೆ," ಎಂದರು. "ಕೂತ್ಕೊ. ನೀನೇ ಡಾಕ್ಟ್ರು ಇವತ್ತು."

ಆಡಿದರು. ನಾಲ್ಕನೆಯ ಸರದಿಗೆ ಮಾವನ ನಡುವಿನ ತುಕಡಿಯ ಪಕ್ಕ ಆರು ಬಟನ್ನು ಬಿದ್ದಿದ್ದವು.

"ಮಾವ, ಆಫೀಸರನ್ನ ಮುಂದೆ ತನ್ನಿ."

"ಅವನಿಗೆ ಏನಾದ್ರೂ ಆದ್ರೆ?"

"ಆಗಬಹುದು. ಆದ್ರೆ ಅವನು ಅಲ್ಲೇ ಇದ್ರೆ ಇವರು ಯಾರೂ ಯಾವತ್ತೂ ಏಳಲ್ಲ."

ಮಾವ ಬಹಳ ಹೊತ್ತು ಆ ಕೆಂಪು ಕರವಸ್ತ್ರವನ್ನೇ ನೋಡಿದರು. ಆಮೇಲೆ ಎರಡು ಬೆರಳಿನಲ್ಲಿ ಎತ್ತಿ, ಉಪ್ಪಿನ ಡಬ್ಬಿ ದಾಟಿಸಿ, ಬಿದ್ದವರ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವಳು ಟೇಪು ಹಿಡಿದಳು. ಐದೂವರೆ ಇಂಚು. ದಾಳ ಬಿತ್ತು.

"ಎಷ್ಟು?"

"ಐದು. ಎರಡು ಸೇರಿದ್ರೆ ಏಳು. ಎದ್ರು ಮಾವ."

ಅವಳು ಆರೂ ಬಟನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಮಾವನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. ಒಳಗೆ ಏನೋ ಕುಸಿದವರಂತೆ ಕೂತಿದ್ದರು.

"ಅವತ್ತು ಬಸ್ ಬಂದಿರಲಿಲ್ಲ," ಎಂದರು.

"ಯಾವತ್ತು?"

"ನಾನು ಕೂಗಿದೆನಲ್ಲ, ಅವತ್ತು. ಟೋಪಿ ಮರೆತಿದ್ದೆ ಅಂತ ಮೇಲೆ ಹತ್ತಿ ಬಂದೆ. ಅವನು ನಿನ್ನನ್ನ ಕೇಳ್ತಿದ್ದ. ನೀನು ಬಾಯಿ ತೆರೆದೆ. ನಂಗೆ ಎದೆ ಝಲ್ ಅಂತು ಮಗು. ಸದ್ದಿಲ್ಲದೆ ಅಷ್ಟೂ ಮೆಟ್ಟಿಲು ಇಳಿದು, ಕೆಳಗಿಂದ ಕೂಗಿದೆ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ಬಿಗಿ ಮಾಡಿ ಬಂದಳು. ಏನಾದರೂ ಮಾಡಬೇಕಿತ್ತು ಕೈಗೆ.

"ನಲವತ್ತು ವರ್ಷ ಮಕ್ಕಳಿಗೆ ನೆಟ್ಟಗೆ ನಿಲ್ಲಿ, ನೆಟ್ಟಗೆ ನಿಲ್ಲಿ ಅಂತ ಹೇಳಿದೋನು ನಾನು," ಎಂದರು ಮಾವ. "ಮಗ ಹೋದ. ನೀನೂ ಹೋದ್ರೆ ಅಂತ... ನಿಂಗೆ ಏನು ಅನ್ನಿಸಿತ್ತು ಅವತ್ತು? ಸುಳ್ಳು ಹೇಳ್ಬೇಡ."

"ಹೂಂ ಅನ್ನೋಣ ಅಂತಿದ್ದೆ."

ಮಾವ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲೇ, "ನಾಳೆ ಹೋಗಿ ಹೇಳು. ಭಾನುವಾರದ ತನಕ ಕಾಯ್ಬೇಡ. ನನ್ನ ಮುಖ ನೋಡ್ಬೇಡ" ಎಂದರು. "ನಾನು ಇರ್ತೀನಿ. ಡ್ರಾಪ್ಸ್ ಹಾಕ್ಕೊಳ್ಳೋಕೆ ಕಲೀತೀನಿ."

ಅಂದು ಅವಳು ಅವರ ಮೇಲೆ ಸಿಟ್ಟಾಗಲು ಬಹಳ ಪ್ರಯತ್ನಪಟ್ಟಳು. ಸಂಜೆ ಡ್ರಾಪ್ಸಿನ ಹೊತ್ತಿಗೆ ಅವರು ಎಂದಿನಂತೆ ಮುಖ ಎತ್ತಿ ಕೂತಾಗ ಆ ಪ್ರಯತ್ನವೂ ಮುಗಿದುಹೋಯಿತು.

ಶುಕ್ರವಾರ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿ ಅವಳು ಲ್ಯಾಬಿಗೆ ಹೋದಳು. ಎಂದೂ ಹೋಗಿರಲಿಲ್ಲ. ಎರಡು ಕ್ಲಿನಿಕ್ಕುಗಳ ನಡುವಿನ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಶೆಲ್ಫಿನಲ್ಲಿ ಪ್ಲಾಸ್ಟರಿನ ದವಡೆಗಳು, ಪ್ರತಿಯೊಂದಕ್ಕೂ ಒಂದು ಚೀಟಿ. ಸ್ಪಿರಿಟ್ ದೀಪದ ವಾಸನೆ, ಕಾದ ಮೇಣದ ವಾಸನೆ. ಅವನು ಕಿಟಕಿಯ ಪಕ್ಕ ಕೂತು, ಒಂದು ಹಲ್ಲಿನ ಬಣ್ಣವನ್ನು ಹಗಲಿನ ಬೆಳಕಿಗೆ ಹಿಡಿದು ಹೊಂದಿಸುತ್ತಿದ್ದ. ಅವಳನ್ನು ಕಂಡು ಎದ್ದ. ಮೂಗಿನ ಮೇಲೆ ಬಿಳಿ ಪುಡಿ ಮೆತ್ತಿತ್ತು.

"ಮೇಷ್ಟ್ರು ಹುಷಾರಾಗಿದಾರಾ?"

"ಹುಷಾರಾಗಿದಾರೆ. ನಾನೇ ಬಂದೆ. ನೀವು ಕೇಳಿದ್ರಲ್ಲ, ಅದಕ್ಕೆ ಉತ್ತರ ಹೇಳೋಕೆ."

ಅವನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಗಿಹೋಯಿತು. ಹಲ್ಲನ್ನು ಅವನು ಬಹಳ ಜೋಪಾನವಾಗಿ ಹತ್ತಿಯ ಮೇಲಿಟ್ಟ.

"ಸೋಮವಾರ ಮಾತು ಕೊಟ್ಟುಬಿಟ್ಟೆ," ಎಂದ.

ಸೋಮವಾರ. ಅವಳು ಬೆರಳು ಮಡಿಸಿ ಎಣಿಸಲಿಲ್ಲ. ಎಣಿಸಬೇಕಾದಷ್ಟು ದಿನಗಳೇ ಅಲ್ಲ. ನಾಲ್ಕು.

"ಏಳು ವಾರ ಕಾದೆ. ನೀವು ತಲೆ ತಗ್ಗಿಸಿ ಹೋದ್ರಿ. ಮತ್ತೆ ಎತ್ತಲೇ ಇಲ್ಲ. ಇಲ್ಲ ಅನ್ನೋದನ್ನ ಬಾಯಿಬಿಟ್ಟು ಹೇಳೋಕೆ ಕಷ್ಟ ಆಗ್ತಿರಬೇಕು, ಇನ್ನೂ ಕಷ್ಟ ಕೊಡಬಾರದು ಅಂದ್ಕೊಂಡೆ. ಬದುಕಿರೋರನ್ನ ನಾನೇ ಡಬ್ಬಿಗೆ ಹಾಕಿಬಿಟ್ಟೆ..."

"ಆಟದ ಮಾತು ಬೇಡ," ಎಂದಳು ಅವಳು. "ಇವತ್ತು ಬೇಡ."

ಆಚೆ ಮೇಜಿನ ಕೆಲಸದವನು ಉಜ್ಜುವ ಯಂತ್ರ ಹಚ್ಚಿದ. ಅದರ ಸದ್ದು ನಿಲ್ಲುವವರೆಗೂ ಇಬ್ಬರೂ ಹಾಗೇ ನಿಂತಿದ್ದರು.

"ಯಾರು ಅವರು?"

"ಶಿಶುವಿಹಾರದಲ್ಲಿ ಟೀಚರ್. ಹೋದ ವರ್ಷ ಒಂದು ಕಡೆ ಎಲ್ಲ ಗೊತ್ತಾಗಿತ್ತಂತೆ. ಮದುವೆಗೆ ಹನ್ನೆರಡು ದಿನ ಇರುವಾಗ ಹುಡುಗ ಬೇಡ ಅಂದನಂತೆ. ನನ್ನ ಹತ್ರ ಅವರು ಕೇಳಿದ್ದು ಒಂದೇ ಮಾತು. ನೀವು ಖಂಡಿತ ಬರ್ತೀರಾ ಅಂತ." ಅವನು ಕೈಯ ಪುಡಿಯನ್ನು ಏಪ್ರನ್ನಿಗೆ ಒರೆಸಿಕೊಂಡ. "ಆದ್ರೂ ನೀವು ಹೇಳಿ. ನೀವು ಹೂಂ ಅಂದ್ರೆ ನಾನು ಇವತ್ತೇ ಹೋಗಿ ಅವರ ಜೊತೆ ಮಾತಾಡ್ತೀನಿ. ನನ್ನನ್ನ ಏನು ಬೇಕಾದ್ರೂ ಅನ್ನಲಿ."

ಅವನು ಸುಮ್ಮನೆ ಹೇಳುತ್ತಿರಲಿಲ್ಲ. ಅವಳು ಹೂಂ ಎಂದರೆ ಏಪ್ರನ್ ಬಿಚ್ಚಿಟ್ಟು ಈ ಗಳಿಗೆಯೇ ಹೊರಡುವವನು. ಅವಳ ಮುಂದೆ ಕಣ್ಣಿಗೆ ಕಟ್ಟಿದ್ದು ಮಾತ್ರ ಅವಳು ಎಂದೂ ನೋಡಿರದ ಒಬ್ಬ ಹೆಣ್ಣು. ಪುಟ್ಟ ಕುರ್ಚಿಗಳ ನಡುವೆ, ಮಕ್ಕಳ ಕೈಗೆ ಮೆತ್ತಿದ ಬಣ್ಣ ತೊಳೆಯುತ್ತ, ಬಾಗಿಲಲ್ಲಿ ಇವನನ್ನು ಕಂಡು ನಗಲು ಹೊರಟವಳು.

"ಬೇಡ," ಎಂದಳು.

ಇಷ್ಟು ದಿನ ಹೇಳಲಾಗದ ಬಾಯಿ ಈಗ ಸರಾಗವಾಗಿ ಹೇಳಿತು. "ಎರಡನೇ ಸಲ ಅವರಿಗೆ ಹಾಗಾಗಬಾರದು. ನೀವು ಹೋಗಿ. ಆದ್ರೆ ನಂಗೆ ನೀವು ಬೇಕಿತ್ತು. ಬಹಳ ಬೇಕಿತ್ತು. ಅದನ್ನ ನೀವು ತಿಳ್ಕೊಂಡಿರಬೇಕು ಅಂತ ನಂಗೆ ಆಸೆ."

ಅವನು ಕಿಟಕಿಯ ಕಡೆ ತಿರುಗಿದ. ಭುಜ ಒಂದು ಸಲ ಅಲುಗಿತು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಆದರೆ ಒರೆಸಿಕೊಳ್ಳಲಿಲ್ಲ.

"ಅವತ್ತು ಮೇಷ್ಟ್ರು ಬಸ್ ಬಂತು ಅಂತ ಕೂಗದೇ ಇದ್ದಿದ್ರೆ ಹೇಳ್ತಿದ್ರಾ?"

"ಹೇಳ್ತಿದ್ದೆ."

"ಹಾಳು ಬಸ್ಸು," ಎಂದ ಅವನು, ನಗಲು ನೋಡುತ್ತ.

ಬಸ್ಸಿನ ನಿಜ ಅವಳ ನಾಲಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿದಳು. ಮೇಷ್ಟ್ರು ಇವನ ಮನಸ್ಸಿನಲ್ಲಾದರೂ ಮೇಷ್ಟ್ರಾಗಿಯೇ ಇರಲಿ.

"ನಿಮ್ಮ ಮೂಗಿನ ಮೇಲೆ ಪುಡಿ ಇದೆ ಡಾಕ್ಟ್ರೇ," ಎಂದಳು. ಅವನು ಒರೆಸಿಕೊಳ್ಳುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಮನೆಗೆ ನಡೆದೇ ಬಂದಳು. ಅಳುವುದನ್ನೆಲ್ಲ ದಾರಿಯಲ್ಲೇ ಮುಗಿಸಿಬಿಡಬೇಕಿತ್ತು. ಬೀದಿ ತಿರುವಿನ ಔಷಧಿ ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಮುಗಿದಿರಲಿಲ್ಲ. ಇನ್ನೊಂದು ಸುತ್ತು ಹಾಕಿ ಬಂದಳು.

ಬಾಗಿಲು ತೆರೆದೇ ಇತ್ತು. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹಜಾರದ ನಡುವೆ ನಿಂತಿದ್ದರು, ಯಾರೋ ಮನೆಗೆ ಬರುವವರಿದ್ದಂತೆ. ಮೇಜಿನ ಮೇಲೆ ಮೂರು ಲೋಟ. ಎಡಗಣ್ಣಿನ ಕೆಳಗೆ ಡ್ರಾಪ್ಸ್ ಹರಿದು ಕೆನ್ನೆಯೆಲ್ಲ ಒದ್ದೆ. ತಾವೇ ಹಾಕಿಕೊಳ್ಳಲು ನೋಡಿದ್ದರು.

"ಏನಂದ?"

ನಾಲ್ಕು ದಿನ ತಡವಾಯಿತು ಮಾವ ಎನ್ನಬಹುದಿತ್ತು. ನಿಜವೇ ಅದು. ಆದರೆ ಆ ನಾಲ್ಕನ್ನು ಇವರು ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಎಣಿಸುತ್ತಾರೆ. ಬಟ್ಟೆ ಹಾಕಿಕೊಳ್ಳುವಾಗ ಎಣಿಸುತ್ತಾರೆ. ಊಟಕ್ಕೆ ಕೂತಾಗ ಎಣಿಸುತ್ತಾರೆ. ಇರುವಷ್ಟು ದಿನವೂ.

ಅವಳು ಚೀಲವನ್ನು ಮೊಳೆಗೆ ಸಿಕ್ಕಿಸಿದಳು.

"ಅವರಿಗೆ ಮೊದಲೇ ಬೇರೆ ಕಡೆ ಮದುವೆ ಗೊತ್ತಾಗಿತ್ತಂತೆ ಮಾವ. ನನ್ನನ್ನ ಕೇಳೋಕ್ಕೂ ಮುಂಚೆನೇ. ಅವತ್ತು ಸುಮ್ನೆ ಕೇಳಿದ್ರಂತೆ. ನಾನು ಏನಂತೀನಿ ಅಂತ ನೋಡೋಕೆ."

"ಸುಮ್ನೆ?"

"ಸುಮ್ನೆ."

"ಅಂದ್ರೆ ನಾನು ಅವತ್ತು ಕೂಗದೇ ಇದ್ದಿದ್ರೂ..."

"ಕೂಗದೇ ಇದ್ದಿದ್ರೂ ಇಷ್ಟೇ ಆಗ್ತಿತ್ತು."

ಮಾವ ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಅವರ ಎದೆಯಿಂದ ಉಸಿರೊಂದು ಹೊರಟಿತು, ಎಷ್ಟೋ ವಾರಗಳಿಂದ ಅಲ್ಲೇ ಸಿಕ್ಕಿಕೊಂಡಿದ್ದು. ಮುಖದ ಗೆರೆಗಳು ಒಂದೊಂದೇ ಸಡಿಲವಾದವು. ಆಮೇಲೆ ಅದೇ ಮುಖದಲ್ಲಿ ಸಿಟ್ಟು ಏರಿತು.

"ಒಳ್ಳೇವನು ಅಂದ್ಕೊಂಡಿದ್ದೆ," ಎಂದರು. "ನಮ್ಮನೆ ಹೆಣ್ಣುಮಗಳ ಹತ್ರ ಆಟ ಆಡೋಕೆ ಬಂದನಾ? ಹಲ್ಲು ಕಿರಿದು ಕಿರಿದು ಮಾತಾಡ್ತಿದ್ದ. ಅಂಥವನ ಸಹವಾಸ ತಪ್ಪಿದ್ದೇ ಒಳ್ಳೇದಾಯ್ತು. ಅವನು ಮನುಷ್ಯನೇ ಅಲ್ಲ ಕಣಮ್ಮ. ಹೌದೋ ಅಲ್ವೋ?"

ಅವಳು ಡ್ರಾಪ್ಸಿನ ಬಾಟಲಿ ತೆಗೆದುಕೊಂಡು ಅವರ ಬೆನ್ನ ಹಿಂದೆ ಹೋಗಿ ನಿಂತಳು. ಅಲ್ಲಿಂದ ಅವಳ ಮುಖ ಅವರಿಗೆ ಕಾಣುತ್ತಿರಲಿಲ್ಲ. ಒಂದು ಕೈಯಲ್ಲಿ ಅವರ ಹಣೆಯನ್ನು ಹಿಂದಕ್ಕೆ ಒರಗಿಸಿಕೊಂಡಳು.

"ಹೂಂ ಮಾವ," ಎಂದಳು. "ಕಣ್ಣು ಬಿಡಿ."